ನಮ್ಮ ಆಮದಾರರು ಸದನದಲ್ಲಿ ಏನು ಮಾಡಿದರು?



ಮಹಾರಾಷ್ಟ್ರ ವಿಧಾನಸಭೆಯ ಕ್ಷೇತ್ರಗಳ ಪಟ್ಟಿ ನಂದುರಬಾರ ಜಿಲ್ಲೆಯ ಅಕ್ಕಲಕುವಾದಿಂದ ಶುರುವಾಗಿ 288ನೆಯ ಕ್ಷೇತ್ರಕ್ಕೆ ಮುಗಿಯುತ್ತದೆ. ಆ ಕೊನೆಯ ಕ್ಷೇತ್ರ ನಮ್ಮ ಜತ್ತ. ಆ ಜತ್ತ ತಾಲೂಕಿನ ಪೂರ್ವದ ಅಂಚಿಗೆ ಉಮದಿ. ಸಂತ ಭಾವೂಸಾಹೇಬ ಮಹಾರಾಜರ ಊರು ಇದು. ನಿಂಬರಗಿ, ಉಮದಿ, ಇಂಚಗೇರಿ ಎಂದು ಒಂದೇ ಉಸಿರಿನಲ್ಲಿ ಹೇಳುವ ಭಕ್ತರಿಗೆ ನಡುವೆ ಒಂದು ರಾಜ್ಯದ ಗಡಿ ಹಾದುಹೋಗಿದೆ ಅನ್ನುವುದು ನೆನಪೂ ಆಗುವುದಿಲ್ಲ. ಆದರೆ ಮತ ಹಾಕುವಾಗ ಆ ಗಡಿ ಇದ್ದೇ ಇದೆ.

ನಮ್ಮ ಸ್ಥಿತಿ ವಿಚಿತ್ರವಾದದ್ದು. ಮುಂಜಾನೆ ಚಹಾದ ಅಂಗಡಿಯಲ್ಲಿ ನಾವು ಓದುವ ಕನ್ನಡ ಪತ್ರಿಕೆ ವಿಜಯಪುರ ಕಡೆಯಿಂದ ಬರುತ್ತದೆ. ಅದರಲ್ಲಿ ಬೆಂಗಳೂರಿನ ವಿಧಾನಸೌಧದ ಸುದ್ದಿ ಇರುತ್ತದೆ, ಬೆಳಗಾವಿ ಅಧಿವೇಶನದ ಗದ್ದಲ ಇರುತ್ತದೆ. ಯಾವ ಶಾಸಕರು ಯಾರ ಮೇಲೆ ಹರಿಹಾಯ್ದರು ಎಂದು ನಮಗೆ ಚೆನ್ನಾಗಿ ಗೊತ್ತು. ಆ ಸದನದಲ್ಲಿ ನಾವು ಆರಿಸಿದವರು ಒಬ್ಬರೂ ಇಲ್ಲ! ನಾವು ಆರಿಸಿದ ಆಮದಾರರು, ಅಂದರೆ ಮಹಾರಾಷ್ಟ್ರದ ಶಾಸಕರು, ಮುಂಬೈಯಲ್ಲಿ ಕೂಡುತ್ತಾರೆ, ಚಳಿಗಾಲದಲ್ಲಿ ನಾಗಪುರಕ್ಕೆ ಹೋಗುತ್ತಾರೆ. ಅಲ್ಲಿ ಅವರು ಏನು ಕೇಳಿದರು, ಏನು ಉತ್ತರ ಬಂತು, ಯಾವ ಮಸೂದೆಗೆ ಹೂಂ ಅಂದರು ಅನ್ನುವುದು ಕನ್ನಡದಲ್ಲಿ ಎಲ್ಲಿಯೂ ಸಿಗುವುದಿಲ್ಲ. ನಮಗೆ ಮರಾಠಿ ಬರುವುದಿಲ್ಲವೆಂದಲ್ಲ. ಜಮೀನಿನ ಸಾತ್‌ಬಾರಾ ಉತಾರ ಓದುತ್ತೇವೆ, ಕೋರ್ಟಿನ ನೋಟೀಸು ಓದಿಸಿಕೊಳ್ಳುತ್ತೇವೆ. ಆದರೆ ಸದನದ ನಡಾವಳಿಯ ಮರಾಠಿ ಪುಣೆಯ ಪದವೀಧರನೂ ತಲೆ ಕೆರೆದುಕೊಳ್ಳುವಂಥದ್ದು. ಹೀಗಾಗಿ ಆಮದಾರರು ಊರಿಗೆ ಬಂದಾಗ ಹೇಳಿದ್ದೇ ಅವರ ದಾಖಲೆ, ಮದುವೆಗೆ ಬಂದರೋ ಇಲ್ಲವೋ ಅನ್ನುವುದೇ ಅವರ ಹಾಜರಿ.

ಈ ಸಂಕಿರಣದ ಆಶಯ ಒಂದೇ: ನಮ್ಮ ಪ್ರತಿನಿಧಿಗಳ ಸದನದ ದಾಖಲೆಯನ್ನು ನಾವೇ ತೆಗೆದು, ನಾವೇ ಓದಿ, ಕನ್ನಡದಲ್ಲಿ ಊರಿನ ಮುಂದೆ ಇಡಬೇಕು. ಅಂಕ ಕೊಡುವುದಕ್ಕಲ್ಲ. ಅಂಕಗಳ ಬಗ್ಗೆ ನನಗೆ ದೊಡ್ಡ ಅನುಮಾನವಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಲೋಕಸಭೆಯ ಮಟ್ಟಿಗೆ ದಾಖಲೆ ಸಿಗುವುದು ಕಷ್ಟವಲ್ಲ. ದೆಹಲಿಯ ಪಿ.ಆರ್.ಎಸ್. ಲೆಜಿಸ್ಲೇಟಿವ್ ರಿಸರ್ಚ್ ಎಂಬ, 2005ರಲ್ಲಿ ಶುರುವಾದ ಸಂಸ್ಥೆ ಈ ಕೆಲಸ ಮಾಡುತ್ತಿದೆ. ಪ್ರತಿಯೊಬ್ಬ ಸಂಸದರ ಹಾಜರಿ, ಪ್ರಶ್ನೆ, ಚರ್ಚೆ, ಖಾಸಗಿ ಮಸೂದೆಗಳ ಲೆಕ್ಕ ಅಲ್ಲಿದೆ. ಪತ್ರಿಕೆಗಳು ಆ ಲೆಕ್ಕ ತೆಗೆದುಕೊಂಡು ಇವರು ಮೊದಲ ಸ್ಥಾನ, ಇವರು ಕೊನೆಯ ಸ್ಥಾನ ಎಂದು ಬರೆಯುತ್ತವೆ. ಆದರೆ ಬಹಳ ಕಾಲ ಹಾಜರಿ ಅಂದರೆ ಪುಸ್ತಕದಲ್ಲಿ ರುಜು ಅಷ್ಟೇ ಆಗಿತ್ತು. ರುಜು ಮಾಡಿ ಕ್ಯಾಂಟೀನಿಗೆ ಹೋದವರೂ ಹಾಜರು, ನಡುರಾತ್ರಿಯವರೆಗೆ ಕೂತು ಚರ್ಚೆ ಕೇಳಿದವರೂ ಹಾಜರು. ಮಂತ್ರಿಗಳು ಆ ಪುಸ್ತಕದಲ್ಲಿ ರುಜು ಮಾಡುತ್ತಿರಲೇ ಇಲ್ಲ. ಪ್ರಶ್ನೆಯನ್ನೂ ಕೇಳುವುದಿಲ್ಲ, ಉತ್ತರ ಹೇಳುವವರೇ ಅವರು. 2004ರಲ್ಲಿ ಇದೇ ಜತ್ತದಿಂದ ಗೆದ್ದಿದ್ದ ಸುರೇಶ ಖಾಡೆಯವರು ಆಮೇಲೆ ಮಿರಜಕ್ಕೆ ಹೋದರು, 2022ರಲ್ಲಿ ರಾಜ್ಯದ ಕಾರ್ಮಿಕ ಮಂತ್ರಿಯಾದರು. ಮಂತ್ರಿಯಾಗಿದ್ದ ಅವಧಿಯ ಅವರ ಪ್ರಶ್ನೆಗಳನ್ನು ಎಣಿಸಲು ಹೊರಟರೆ ಸೊನ್ನೆ ಸಿಗುತ್ತದೆ. ಆ ಸೊನ್ನೆಯನ್ನು ಸೋಮಾರಿತನ ಅಂತ ಓದಿದರೆ ಓದಿದವನದೇ ತಪ್ಪು.

ಪ್ರಶ್ನೆಗಳ ಸಂಖ್ಯೆಯೂ ಹೀಗೆಯೇ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ಇಲ್ಲದ ಪ್ರಶ್ನೆ. ನೂರಾರು ಸದಸ್ಯರು ಕೊಟ್ಟ ಚೀಟಿಗಳಲ್ಲಿ ಯಾವುದು ಮೇಲೆ ಬರಬೇಕೆಂದು ಲಾಟರಿ ಎತ್ತುತ್ತಾರೆ. ಅಂದರೆ ಕೇಳುವುದು ಸದಸ್ಯರ ಕೈಯಲ್ಲಿದೆ, ಪಟ್ಟಿಗೆ ಬರುವುದು ಅದೃಷ್ಟದ ಕೈಯಲ್ಲಿದೆ. ಇನ್ನು, ಪ್ರಶ್ನೆ ಕೇಳಿದವರೆಲ್ಲ ಜನರಿಗಾಗಿಯೇ ಕೇಳಿದರು ಎಂದು ನಂಬುವ ಕಾಲವೂ ಹೋಗಿದೆ. ಪ್ರಶ್ನೆ ಕೇಳಲು ದುಡ್ಡು ತೆಗೆದುಕೊಂಡದ್ದಕ್ಕೆ 2005ರ ಡಿಸೆಂಬರಿನಲ್ಲಿ 11 ಸಂಸದರನ್ನು ಉಚ್ಚಾಟಿಸಿದರು. ಹತ್ತು ಜನ ಲೋಕಸಭೆಯವರು, ಒಬ್ಬರು ರಾಜ್ಯಸಭೆಯವರು. ಎಣಿಕೆಯ ಲೆಕ್ಕದಲ್ಲಿ ಅವರ ಪ್ರಶ್ನೆಗೂ ಬರಗಾಲದ ಬಗ್ಗೆ ಕೇಳಿದ ಪ್ರಶ್ನೆಗೂ ತಲಾ ಒಂದೇ ಅಂಕ.

ಹಾಗಾದರೆ ಮತದಾನ? ಜನ ಕೇಳುವುದು ಅದನ್ನೇ. "ಆ ಕಾಯ್ದೆ ಬಂದಾಗ ನಮ್ಮವರು ಯಾವ ಕಡೆ ಇದ್ದರ್ರೀ?" ಇದಕ್ಕೆ ಉತ್ತರ ಹುಡುಕಲು ಹೊರಟರೆ ಬಾಗಿಲು ಮುಚ್ಚಿರುತ್ತದೆ. ಬ್ರಿಟನ್ನಿನ ಸಂಸತ್ತು ಯಾರು ಯಾವ ಕಡೆ ಮತ ಹಾಕಿದರೆಂಬ ಪಟ್ಟಿಯನ್ನು 1836ರಿಂದ ಅಧಿಕೃತವಾಗಿ ಅಚ್ಚು ಹಾಕುತ್ತಿದೆ. ಅವರ ಪದ್ಧತಿಗಳನ್ನೆಲ್ಲ ತೆಗೆದುಕೊಂಡ ನಾವು ಇದನ್ನು ಅರ್ಧ ಮಾತ್ರ ತೆಗೆದುಕೊಂಡೆವು. ನಮ್ಮ ಸದನಗಳಲ್ಲಿ ಹೆಚ್ಚಿನ ಮಸೂದೆಗಳು ಧ್ವನಿಮತದಲ್ಲಿ ಹೋಗುತ್ತವೆ. ಪರವಾದವರು ಹೌದು ಅನ್ನಿ, ವಿರುದ್ಧವಾದವರು ಇಲ್ಲ ಅನ್ನಿ, 'ಹೌದು' ಗೆದ್ದಿತು. ಮುಗಿಯಿತು. ಯಾರಾದರೂ ಪಟ್ಟು ಹಿಡಿದು ಮತ ವಿಭಜನೆ ಕೇಳಿದರೆ ಮಾತ್ರ ಹೆಸರುಗಳು ದಾಖಲಾಗುತ್ತವೆ. ಸಂವಿಧಾನ ತಿದ್ದುಪಡಿಗೆ ವಿಭಜನೆ ಕಡ್ಡಾಯ, ಆದ್ದರಿಂದಲೇ 2023ರ ಸೆಪ್ಟೆಂಬರಿನಲ್ಲಿ ಮಹಿಳಾ ಮೀಸಲಾತಿಗೆ ಲೋಕಸಭೆಯಲ್ಲಿ 454 ಪರ, 2 ವಿರುದ್ಧ ಎಂದು ನಾವು ಖಚಿತವಾಗಿ ಹೇಳಬಲ್ಲೆವು. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಕೃಷಿ ಮಸೂದೆಗಳು ಬಂದಾಗ ವಿರೋಧ ಪಕ್ಷದವರು ವಿಭಜನೆ ಬೇಕೆಂದು ಕೂಗಿದರೂ ಗದ್ದಲದ ನಡುವೆ ಧ್ವನಿಮತದಲ್ಲೇ ಪಾಸಾದವು. ಕರ್ನಾಟಕದ ವಿಧಾನ ಪರಿಷತ್ತಿನಲ್ಲಿ 2021ರ ಫೆಬ್ರುವರಿಯಲ್ಲಿ ಗೋಹತ್ಯೆ ನಿಷೇಧ ಮಸೂದೆಯ ಕತೆಯೂ ಅದೇ. ರೈತನ ಹೊಲಕ್ಕೆ, ಕೊಟ್ಟಿಗೆಗೆ ನೇರವಾಗಿ ತಾಗಿದ ಈ ಕಾಯ್ದೆಗಳಿಗೆ ಸದಸ್ಯವಾರು ಮತಪಟ್ಟಿ ಇಲ್ಲ.

ಆದರೆ 2022ರ ಜುಲೈ 4ರಂದು ಮುಂಬೈಯಲ್ಲಿ ಏಕನಾಥ ಶಿಂದೆ ಸರಕಾರ ವಿಶ್ವಾಸಮತ ಕೇಳಿದಾಗ ಏನಾಯಿತು ನೋಡಿ. ಸದಸ್ಯರು ಒಬ್ಬೊಬ್ಬರಾಗಿ ಎದ್ದು ನಿಂತರು, ತಲೆ ಎಣಿಸಿದರು, 164 ಪರ, 99 ವಿರುದ್ಧ. ಕುರ್ಚಿ ಉಳಿಯುವ ಪ್ರಶ್ನೆ ಬಂದರೆ ತಲೆ ಎಣಿಸುವುದಕ್ಕೆ ವ್ಯವಧಾನ ಇದ್ದೇ ಇರುತ್ತದೆ.

ಪಟ್ಟಿ ಸಿಕ್ಕರೂ ಓದುವುದು ಸುಲಭವಲ್ಲ, ಯಾಕೆಂದರೆ ನಡುವೆ ವಿಪ್ ಇದೆ. 1985ರ 52ನೆಯ ತಿದ್ದುಪಡಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನು ಸೇರಿಸಿತು. ಪಕ್ಷ ಹೊರಡಿಸಿದ ವಿಪ್ ಮೀರಿ ಮತ ಹಾಕಿದರೆ ಸದಸ್ಯತ್ವವೇ ಹೋಗಬಹುದು. ಹೀಗಿರುವಾಗ ಪಕ್ಷದ ಸದಸ್ಯನ ಮತ ಅವನದೋ ಪಕ್ಷದ್ದೋ? ಬಹಳ ಸಲ ಪಕ್ಷದ್ದೇ. ಆದರೆ ನಮ್ಮ ಸಾಂಗಲಿ ಕ್ಷೇತ್ರದಲ್ಲಿ ಈಗ ಒಂದು ಅಪರೂಪದ ಸಂದರ್ಭ ಒದಗಿದೆ. 2024ರಲ್ಲಿ ಗೆದ್ದ ಖಾಸದಾರ (ಸಂಸದ) ವಿಶಾಲ ಪಾಟೀಲರು ಪಕ್ಷೇತರರಾಗಿ ನಿಂತು ಗೆದ್ದವರು. ಅವರು ಯಾರಿಗೆ ಬೆಂಬಲ ಕೊಟ್ಟರು ಅನ್ನುವುದು ರಾಜಕೀಯ. ಕಾನೂನಿನ ಪ್ರಕಾರ ಪಕ್ಷೇತರನ ಕೊರಳಿಗೆ ಯಾವ ಪಕ್ಷದ ವಿಪ್ಪೂ ಇಲ್ಲ, ಪಕ್ಷ ಸೇರಿದರೆ ಮಾತ್ರ ಅನರ್ಹತೆಯ ಭಯ. ಅಂದರೆ ಅವರು ಒತ್ತುವ ಪ್ರತಿ ಗುಂಡಿಯೂ ಅವರ ಸ್ವಂತದ್ದು. 2025ರ ಏಪ್ರಿಲಿನಲ್ಲಿ ವಕ್ಫ್ ತಿದ್ದುಪಡಿ ಮಸೂದೆ ಲೋಕಸಭೆಯಲ್ಲಿ 288 ಪರ, 232 ವಿರುದ್ಧ ಮತಗಳಿಂದ ಪಾಸಾಯಿತು (ನಮ್ಮ ಕ್ಷೇತ್ರದ ನಂಬರೇ ಬಂತು ಎಂದು ಯಾರೂ ಶಕುನ ನೋಡಬೇಡಿ). ಇಂಥ ವಿಭಜನೆಗಳ ಪಟ್ಟಿ ಹಿಡಿದು ಪಕ್ಷೇತರರೊಬ್ಬರ ಐದು ವರ್ಷದ ನಡೆಯನ್ನು ಕ್ರಮವಾಗಿ ಬರೆದಿಡುವುದು ರಾಜ್ಯಶಾಸ್ತ್ರದ ವಿದ್ಯಾರ್ಥಿಗೆ ಒಳ್ಳೆಯ ವಿಷಯ. ಸಾಂಗಲಿಯ ಯಾವುದಾದರೂ ಕಾಲೇಜು ಇದನ್ನು ಎತ್ತಿಕೊಳ್ಳಲಿ.

ಈಗ ನಮಗೆ ಎಲ್ಲಕ್ಕಿಂತ ಹತ್ತಿರದ ಮತಕ್ಕೆ ಬರುತ್ತೇನೆ. 2022ರ ಡಿಸೆಂಬರ್. ಜತ್ತದ ಹಳ್ಳಿಗಳ ಹೆಸರು ರಾಷ್ಟ್ರದ ಟಿ.ವಿ.ಗಳಲ್ಲಿ ಬಂದ ತಿಂಗಳು. ನೀರಿಲ್ಲದ ಸಿಟ್ಟಿಗೆ ಇಲ್ಲಿಯ ಗ್ರಾಮ ಪಂಚಾಯತಿಗಳು 2012ರಲ್ಲೇ ಕರ್ನಾಟಕಕ್ಕೆ ಸೇರುತ್ತೇವೆಂದು ಠರಾವು ಮಾಡಿದ್ದವು. ಅದನ್ನು ಕರ್ನಾಟಕದ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ಎತ್ತಿ ಆಡಿದರು, ಮುಂಬೈಗೆ ಬೆಂಕಿ ಬಿತ್ತು. ಡಿಸೆಂಬರ್ 22ಕ್ಕೆ ಕರ್ನಾಟಕದ ಶಾಸಕಾಂಗ ಒಂದಿಂಚೂ ನೆಲ ಬಿಡುವುದಿಲ್ಲವೆಂದು ಠರಾವು ಮಾಡಿತು. ಡಿಸೆಂಬರ್ 27ಕ್ಕೆ ನಾಗಪುರದಲ್ಲಿ ಮಹಾರಾಷ್ಟ್ರದ ಎರಡೂ ಸದನಗಳು ಬೆಳಗಾವಿ, ಕಾರವಾರ, ನಿಪ್ಪಾಣಿ, ಬೀದರ, ಭಾಲ್ಕಿ ಸೇರಿ 865 ಹಳ್ಳಿಗಳು ತಮ್ಮವೆಂದು ಠರಾವು ಮಾಡಿದವು. ಅಲ್ಲಿಯೂ ಸರ್ವಾನುಮತ, ಇಲ್ಲಿಯೂ ಸರ್ವಾನುಮತ. ಕಾಂಗ್ರೆಸ್ಸಿನ ವಿಕ್ರಮಸಿಂಹ ಸಾವಂತರು ಆಗ ನಮ್ಮ ಆಮದಾರರು. ಕನ್ನಡ ಮಾತಾಡುವ ಇಷ್ಟೊಂದು ಹಳ್ಳಿಗಳ ಪ್ರತಿನಿಧಿ ಆ ದಿನ ಹೇಗೆ ನಡೆದುಕೊಂಡಿದ್ದರೆ ಸರಿ ಎಂದು ನಾನು ತೀರ್ಪು ಕೊಡುವುದಿಲ್ಲ. ಉಮದಿಯಲ್ಲೇ ಎರಡು ಅಭಿಪ್ರಾಯ ಇವೆ, ಇದೇ ಸಭೆಯಲ್ಲೂ ಇರಬಹುದು. ನನ್ನ ತಕರಾರು ಬೇರೆ. ನಮ್ಮ ಬದುಕಿಗೆ ಇಷ್ಟು ಹತ್ತಿರವಾದ ಠರಾವಿನಲ್ಲಿ ಸರ್ವಾನುಮತ ಎಂಬ ಒಂದು ಶಬ್ದದ ಹಿಂದೆ 288 ಜನರೂ ಸೇರಿಹೋದರು. ಬಂದವರು, ಬರದವರು, ಮನಸ್ಸಿಲ್ಲದೆ ಕೂತವರು ಎಲ್ಲರೂ ಒಂದೇ.

ಮತದ ಬಾಗಿಲು ಹೀಗೆ ಮುಚ್ಚಿರುವುದರಿಂದಲೇ ಪ್ರಶ್ನೆಯ ಬಾಗಿಲಿಗೆ ಬರಬೇಕು. ಎಣಿಸುವುದಕ್ಕಲ್ಲ, ಓದುವುದಕ್ಕೆ. ತಾರಾಂಕಿತ (ಚುಕ್ಕೆ ಗುರುತಿನ) ಪ್ರಶ್ನೆ, ಲಕ್ಷವೇಧಿ (ಗಮನ ಸೆಳೆಯುವ) ಸೂಚನೆ ಎಂಬ ಹೆಸರುಗಳು ನಮ್ಮ ಹಿರಿಯರಿಗೆ ಗೊತ್ತಿವೆ. ಮ್ಹೈಸಾಳ ನೀರಾವರಿಯನ್ನೇ ತೆಗೆದುಕೊಳ್ಳಿ. ಕೃಷ್ಣೆಯ ನೀರನ್ನು ಎತ್ತಿ ತರುವ ತಾಕಾರಿ-ಮ್ಹೈಸಾಳ ಯೋಜನೆ 1980ರ ದಶಕದ ಮಾತು. ಪೂರ್ವ ಜತ್ತದ 65 ಹಳ್ಳಿಗಳಿಗಾಗಿ ಸುಮಾರು 2 ಸಾವಿರ ಕೋಟಿಯ ವಿಸ್ತರಿತ ಮ್ಹೈಸಾಳ ಎಂಬ ಮಾತು ಜೋರಾದದ್ದು 2022ರ ಆ ಗಡಿ ಗಲಾಟೆಯಲ್ಲಿ. ನಡುವಿನ ದಶಕಗಳಲ್ಲಿ ಟ್ಯಾಂಕರ್ ಬಂದವು, ಮೇವಿನ ಶಿಬಿರಗಳು ಬಂದವು. 2022ರ ಅದೇ ಡಿಸೆಂಬರಿನಲ್ಲಿ ಕರ್ನಾಟಕದ ಕಡೆಯ ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ತಿಕೋಂಡಿಯ ಕೆರೆಗೆ ನೀರು ಹರಿದದ್ದನ್ನು ನೀವೇ ಕಂಡಿದ್ದೀರಿ. ಈ ದಶಕಗಳಲ್ಲಿ ಸದನದಲ್ಲಿ ಬಂದ ಪ್ರಶ್ನೆ, ಅದಕ್ಕೆ ಮಂತ್ರಿ ಕೊಟ್ಟ ಉತ್ತರ, ಮುಂದಿನ ವರ್ಷ ಅದೇ ಪ್ರಶ್ನೆಗೆ ಬಂದ ಇನ್ನೊಂದು ಉತ್ತರ, ಇವನ್ನು ಒಂದರ ಕೆಳಗೆ ಒಂದು ಬರೆದರೆ ಯಾರು ಬೆನ್ನು ಹತ್ತಿದರು, ಯಾರು ಒಂದು ಸಲ ಕೇಳಿ ಕೈಬಿಟ್ಟರು ಎಂದು ತಾನಾಗಿ ಕಾಣುತ್ತದೆ. ಮಂತ್ರಿ ಸದನದಲ್ಲಿ "ಮಾಡುತ್ತೇವೆ" ಅಂದರೆ ಅದು ಭರವಸೆ. ಲೋಕಸಭೆಯಲ್ಲಿ ಇಂಥ ಭರವಸೆಗಳ ಬೆನ್ನಿಗೆ ಬೀಳಲು 1953ರಿಂದ ಒಂದು ಸಮಿತಿಯೇ ಇದೆ, ಈಡೇರಿಸಲು 3 ತಿಂಗಳ ಗಡುವು. ವಿಧಾನ ಮಂಡಳದಲ್ಲೂ ಆಶ್ವಾಸನ ಸಮಿತಿ ಇದೆ. ಭಾಷಣದ ಭರವಸೆಗೆ ದಿಕ್ಕಿಲ್ಲ, ಸದನದ ಭರವಸೆಗೆ ಕಡತ ಇದೆ. ಊರಿನವರು ಆ ಕಡತದ ನಂಬರು ಹಿಡಿದು ಹೋದರೆ ಆಮದಾರರಿಗೂ ಬಲ ಬರುತ್ತದೆ ಅನ್ನುವುದನ್ನು ಮರೆಯಬಾರದು. ಇದು ಅವರ ವಿರುದ್ಧದ ಕೆಲಸವಲ್ಲ.

2024ರಲ್ಲಿ ಜತ್ತದ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ನೇಮಿಸಿದ ವಿಷಯವನ್ನೂ ಇದೇ ರೀತಿ ಬೆನ್ನಟ್ಟಬೇಕು. ಅದು ಬೆಂಗಳೂರಿನಲ್ಲಿ ದೊಡ್ಡ ಸುದ್ದಿಯಾಯಿತು. ಉತ್ತರ ಕೊಡಬೇಕಾದವರು ಮಾತ್ರ ಮುಂಬೈಯಲ್ಲಿದ್ದರು.

ಕಾಸರಗೋಡಿನವರನ್ನು ನೋಡಿ ನನಗೆ ಸ್ವಲ್ಪ ಹೊಟ್ಟೆಕಿಚ್ಚು. 2021ರಲ್ಲಿ ಆ ಜಿಲ್ಲೆಯ ಮಂಜೇಶ್ವರದ ಶಾಸಕ ಎ.ಕೆ.ಎಂ. ಅಶ್ರಫ್ ಕೇರಳದ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಅಲ್ಲಿಯ ರಾಜ್ಯಭಾಷಾ ಕಾಯ್ದೆ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರನ್ನು ಹೆಸರಿಟ್ಟು ಗುರುತಿಸಿದೆ. ನಮಗಿರುವುದು ಸಂವಿಧಾನದ 210ನೆಯ ವಿಧಿ ಮಾತ್ರ. ಸದನದ ಭಾಷೆಗಳಲ್ಲಿ ಸರಿಯಾಗಿ ಮಾತಾಡಲು ಬರದ ಸದಸ್ಯನಿಗೆ ಸಭಾಧ್ಯಕ್ಷರು ಮಾತೃಭಾಷೆಯಲ್ಲಿ ಮಾತಾಡಲು ಅನುಮತಿ ಕೊಡಬಹುದು. ಜತ್ತದ ಆಮದಾರರಿಗೆ ಮರಾಠಿ ಚೆನ್ನಾಗಿಯೇ ಬರುತ್ತದೆ, ಹಾಗಾಗಿ ಆ ವಿಧಿಯಿಂದ ನಮಗೆ ಲಾಭವಿಲ್ಲ. ಮಾತಾಡುವವರು ಮರಾಠಿಯಲ್ಲೇ ಮಾತಾಡಲಿ. ಅದನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಯಾವ ಸಭಾಧ್ಯಕ್ಷರ ಅನುಮತಿಯೂ ಬೇಕಾಗಿಲ್ಲ.

2009ರಿಂದ ಜತ್ತ ನಾಲ್ಕು ಸಲ ಮತ ಹಾಕಿದೆ: ಪ್ರಕಾಶ ಶೆಂಡಗೆ, ವಿಲಾಸರಾವ ಜಗತಾಪ, ವಿಕ್ರಮಸಿಂಹ ಸಾವಂತ, ಈಗ ಗೋಪೀಚಂದ ಪಡಳಕರ. ಪ್ರತಿ ಸಲವೂ ಹೊಸಬರು. ಪಡಳಕರ ಅವರು ಇದಕ್ಕೆ ಮೊದಲು ವಿಧಾನ ಪರಿಷತ್ತಿನಲ್ಲಿದ್ದವರು, ಅವರ ದಾಖಲೆ ಎರಡು ಸದನಗಳಲ್ಲಿ ಹರಡಿದೆ. ಒಬ್ಬರನ್ನು ಇಳಿಸಿ ಇನ್ನೊಬ್ಬರನ್ನು ಏರಿಸಿದ ನಾವು, ಈ ನಾಲ್ವರು ನೀರಿನ ಬಗ್ಗೆ, ಕನ್ನಡ ಶಾಲೆಗಳ ಬಗ್ಗೆ ಸದನದಲ್ಲಿ ಆಡಿದ ಮಾತುಗಳನ್ನು ಪಕ್ಕಪಕ್ಕ ಇಟ್ಟು ಓದಲಿಲ್ಲ. ಮಧ್ಯಾಹ್ನದ ಗೋಷ್ಠಿಯಲ್ಲಿ ಮರಾಠಿ ಮತ್ತು ಕನ್ನಡ ಎರಡನ್ನೂ ಚೆನ್ನಾಗಿ ಬಲ್ಲ ಶಿಕ್ಷಕರು ಮುಂದೆ ಬರಬೇಕು, ನಾಲ್ಕು ಅವಧಿಗಳನ್ನು ನಾಲ್ಕು ತಂಡಗಳಿಗೆ ಹಂಚಿಕೊಳ್ಳಬೇಕು. ನಡಾವಳಿಯ ಪ್ರತಿಗಳಿಗಾಗಿ ವಿಧಾನ ಮಂಡಳದ ಸಚಿವಾಲಯಕ್ಕೆ ಬರೆಯುವ ಅರ್ಜಿಯ ಕರಡನ್ನು ಇವತ್ತೇ ಬರೆದು, ಸಂಜೆಯ ಸಭೆಯಲ್ಲಿ ರುಜು ಹಾಕಿಸಿಕೊಳ್ಳೋಣ. ಸಂಕಿರಣ ಶುರುವಾಗಿದೆ ಎಂದು ಘೋಷಿಸುತ್ತೇನೆ.