ಬೋರಿನ ನೀರಿಗೆ ಸಾಕ್ಷಿ ಯಾರು?
(ನಿಟ್ಟುವಳ್ಳಿಯಲ್ಲಿ ಆಡಿದ ಮಾತು)



1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದರು. ನೀರು ಮುಟ್ಟಿದ ತಪ್ಪಿಗೆ ನಮ್ಮವರು ಅಂದು ಹೊಡೆತ ತಿಂದರು. ಇವತ್ತು ಕೇರಿಯಲ್ಲೇ ಬೋರು ಐತಿ, ತಡೆಯೋರಿಲ್ಲ. ಆದರೆ ಅದರ ನೀರು ಎಂಥಾದ್ದು ಅಂತ ನಾವು ಕೇಳಿದ್ದೀವಾ?

"ತಿಳಿಯಾಗೈತಲ್ಲ, ಸಿಹಿ ಐತಲ್ಲ" ಅಂತೀವಿ. ಇಲ್ಲೇ ಮೋಸ ಹೋಗೋದು. ನೈಟ್ರೇಟಿಗೆ, ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಾಯಿಸಿದರೆ ರೋಗಾಣು ಸಾಯುತ್ತವೆ, ಇವು ಹೋಗೋದಿಲ್ಲ. ನೀರು ಆವಿಯಾದಷ್ಟೂ ಇವುಗಳ ಪಾಲು ಹೆಚ್ಚುತ್ತೆ.

ಹರಿಹರದ ಆಚೆ ದಡದ ಕುಮಾರಪಟ್ಟಣದಲ್ಲಿ 1970ರ ದಶಕದಲ್ಲಿ ಮರದ ತಿರುಳಿನ ಕಾರ್ಖಾನೆ ಬಂತು. ತುಂಗಭದ್ರೆಯಲ್ಲಿ ಮೀನು ಸತ್ತು ತೇಲಿದಾಗ, 1980ರ ದಶಕದಲ್ಲಿ, ಹೊಳೆದಂಡೆಯ ಹಳ್ಳಿಗಳ ಜನ ಬೀದಿಗಿಳಿದರು. ಹೊಳೆಗೆ ಮೀನು ಸಾಕ್ಷಿ ಹೇಳಿತು. ನೆಲದೊಳಗೆ ಮೀನಿಲ್ಲ.

ನಮ್ಮದು ಗಟ್ಟಿ ಕಲ್ಲಿನ ನೆಲ, ನೀರು ಬಿರುಕುಗಳಲ್ಲಿ ಹರಿಯುತ್ತೆ. ಒಂದು ಬೋರು ಚೆನ್ನಾಗಿದ್ದು ನೂರಡಿ ಆಚೆಯದು ಕೆಟ್ಟಿರಬಹುದು. ಒಂದನ್ನು ನೋಡಿ ಇಡೀ ವಾರ್ಡಿಗೆ "ಕುಡಿಯಲು ಯೋಗ್ಯ" ಅಂತ ಬರೆದುಕೊಟ್ಟ ಕಾಗದ ಒಪ್ಪಬೇಡಿ. ಅಂಕಿ ಕೇಳಿ. ಕಾರ್ಖಾನೆಯೊಂದನ್ನೇ ಬೈದರೂ ಸಾಲದು. ನೈಟ್ರೇಟ್ ಬರೋದು ಕಕ್ಕಸು ಗುಂಡಿಯಿಂದ, ಚರಂಡಿಯಿಂದ ಕೂಡ. ಒಳಚರಂಡಿ ಕೊನೆಗೆ ಬರೋದು ಯಾರ ಕೇರಿಗೆ ಅಂತ ನಾವು ಹೇಳಬೇಕೇ?

ಸರ್ಕಾರದ ಮಾನಕ ಐಎಸ್ 10500. ಲೀಟರಿಗೆ ನೈಟ್ರೇಟ್ 45 ಮಿಲಿಗ್ರಾಂ ಮೀರುವಂತಿಲ್ಲ, ಮೀರಿದರೆ ಹಸುಗೂಸಿನ ಮೈ ನೀಲಿಗಟ್ಟುವ ಅಪಾಯ. ಫ್ಲೋರೈಡ್ 1, ಬೇರೆ ಮೂಲವಿಲ್ಲದಿದ್ದರೆ 1.5. ಕರಗಿದ ಲವಣ 500, ಬೇರೆ ಮೂಲವಿಲ್ಲದಿದ್ದರೆ 2000. ಈ "ಬೇರೆ ಮೂಲವಿಲ್ಲದಿದ್ದರೆ" ಅನ್ನೋ ಮಾತು ಯಾರಿಗಾಗಿ ಬರೆದದ್ದು? ದುಡ್ಡಿದ್ದವರು ಕ್ಯಾನ್ ತರಿಸ್ತಾರೆ. ಸೀಸಕ್ಕೆ 0.01, ಕ್ರೋಮಿಯಂಗೆ 0.05, ಇವಕ್ಕೆ ಆ ರಿಯಾಯಿತಿ ಇಲ್ಲ. ಕಾರ್ಖಾನೆ ಪಕ್ಕದ ಬೋರಿಗೆ ಇವನ್ನೂ ನೋಡಿ ಅಂತ ಬರವಣಿಗೆಯಲ್ಲಿ ಕೇಳಬೇಕು. ಮಾಮೂಲಿ ಪರೀಕ್ಷೆಯಲ್ಲಿ ಇವು ಬಿಟ್ಟುಹೋಗೋದುಂಟು.

ಬಾಟಲಿ ತುಂಬುವಾಗ ನಾವು ಅಲ್ಲಿರೋಣ. ಮೊದಲು ಪಂಪು ಹತ್ತು ನಿಮಿಷ ನಡೆದು ಪೈಪಿನಲ್ಲಿ ನಿಂತ ನೀರು ಹೋಗಲಿ. ಬಾಟಲಿಯನ್ನು ಅದೇ ನೀರಲ್ಲಿ ಮೂರು ಸಲ ತೊಳೆದು ತುಂಬಿ. ರೋಗಾಣು ಪರೀಕ್ಷೆಯ ಬಾಟಲಿ ಮಾತ್ರ ತೊಳೆಯಬೇಡಿ, ಅದು ಶುದ್ಧಮಾಡಿ ಮುಚ್ಚಿ ಬಂದಿರುತ್ತೆ, ಅದನ್ನು ತಂಪಾಗಿಟ್ಟು ಅವತ್ತೇ ಮುಟ್ಟಿಸಬೇಕು. ಜಾಗ, ತಾರೀಖು, ಹೊತ್ತು ಬರೆಯಿರಿ. ಬೇಸಿಗೆಯಲ್ಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ.

ವರದಿ ಬಂದಮೇಲೆ ಬೋರಿನ ಪಕ್ಕದ ಗೋಡೆ ಮೇಲೆ ಅಂಕಿಗಳನ್ನು ಬರೆಯೋಣ. ಓದಲು ಬಾರದ ಅವ್ವಂದಿರಿಗೆ ನಮ್ಮ ಹುಡುಗರು ಓದಿ ಹೇಳಲಿ.