ಬೆಳಕು ಹಾಯುವ ಚಿತ್ರ

ಶಿವಾಜಿನಗರದ ಸಂತ ಮೇರಿ ಬೆಸಿಲಿಕಾದ ಬಣ್ಣದ ಗಾಜುಗಳನ್ನು ಹಗಲಿನಲ್ಲಿ ರಸ್ತೆಯಿಂದ ನೋಡಿದರೆ ಮಂಕು. ಒಳಗೆ ನಿಂತು ನೋಡಿದರೆ ಅವೇ ಪ್ರಜ್ವಲಿಸುತ್ತವೆ. ಮನೆಯಲ್ಲಿ ತೂಗುಹಾಕುವ ಪಾರದರ್ಶಕ ಛಾಯಾಚಿತ್ರದ ಗುಟ್ಟೂ ಇದೇ, ಶ್ರೋತೃಗಳೇ. ಕಾಗದದ ಚಿತ್ರದಲ್ಲಿ ಬೆಳಕು ಬಣ್ಣದ ಪದರವನ್ನು ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ, ಹೀಗೆ ಎರಡು ಬಾರಿ ಹಾಯುತ್ತದೆ. ಫಿಲ್ಮಿನಲ್ಲಿ ಒಂದೇ ಬಾರಿ. ಆದ್ದರಿಂದ ಇಂಥ ದೊಡ್ಡ ಪ್ರತಿಯನ್ನು ಹೆಚ್ಚು ಗಾಢವಾಗಿ ಮುದ್ರಿಸಬೇಕು. ಹಿಂಬದಿಗೆ ಹಾಲುಬಿಳುಪಿನ ಗಾಜೂ ಬೇಕು. ಇಲ್ಲವಾದರೆ ಚಿತ್ರದ ಮುಖದ ನಡುವೆ ಬೀದಿಯ ದೀಪದ ಕಂಬ ಕಾಣುತ್ತದೆ.

ಇಂದಿರಾನಗರದ ನಮ್ಮ ಮನೆಯಲ್ಲಿ, ಸಜ್ಜೆಯ ನೆರಳಿನ ಉತ್ತರದ ಕಿಟಕಿಯಲ್ಲಿ, ಅಂಥದೊಂದು ಚಿತ್ರವಿದೆ: ಹಲಸೂರು ಕೆರೆಯ ದಂಡೆಯಲ್ಲಿ ನಿಂತ ನನ್ನ ತಾಯಿ. ಅದರ ಮೂಲ ಕೊಡಕ್ರೋಮ್ ಸ್ಲೈಡು. 1935ರಲ್ಲಿ ಬಂದ ಆ ಫಿಲ್ಮನ್ನು ಸಂಸ್ಕರಿಸುವ ಕೆಲಸ 2010ರ ಕೊನೆಗೆ ನಿಂತುಹೋಯಿತು. ಕತ್ತಲಲ್ಲಿಟ್ಟರೆ ಅದರ ಬಣ್ಣ ದಶಕಗಳ ಕಾಲ ಬಾಳುತ್ತದೆ. ಪ್ರೊಜೆಕ್ಟರಿನ ಬೆಳಕಿನಲ್ಲಿ ಬೇಗನೆ ಮಾಸುತ್ತದೆ. ತೋರಿಸುವ ಬೆಳಕೇ ಅಳಿಸುವ ಬೆಳಕೂ ಹೌದು. ಆದಕಾರಣ ಮೂಲವನ್ನು ಪೆಟ್ಟಿಗೆಯಲ್ಲಿಟ್ಟು, ಪ್ರತಿಯನ್ನು ಮಾತ್ರ ಬೆಳಕಿಗೆ ಒಪ್ಪಿಸಿದ್ದೇನೆ.

ಪ್ರತಿಯಲ್ಲಿ ಸೀರೆಯ ಕೆಂಪು ಈಗಾಗಲೇ ತುಸು ತಿಳಿಯಾಗಿದೆ. ಹಿಂದೊಂದು ವಿದ್ಯುದ್ದೀಪವಿಟ್ಟರೆ ಇರುಳಲ್ಲೂ ಕಾಣಬಹುದೆಂದು ಮಕ್ಕಳು ಹೇಳುತ್ತಾರೆ. ನಾನು ಒಪ್ಪಿಲ್ಲ. ಬೆಳಗಾದಾಗ ಬಂದು, ಕತ್ತಲಾದಾಗ ಆಕೆ ವಿಶ್ರಮಿಸಲಿ.