ಗೂಟಕ್ಕೆ ನೆಲ ಬೇಕು
(ಹಳಿಯಾಳದ ಸಭೆಯಲ್ಲಿ ಆಡಿದ ಮಾತಿನ ಬರಹ)



ಯಾರಾದರೂ ಕುಣಿದಾಡಿದರೆ ‘ಏನಲೇ ನಿನ್ನ ದೊಂಬರಾಟ’ ಅಂತ ಬೈಯೋದು ನಮ್ಮ ಕಡೆ ರೂಢಿ. ಮೇಲಿನ ಓಣಿಯವರೂ ಬೈತಾರೆ, ನಮ್ಮ ಕೇರಿಯವರೂ ಬೈತಾರೆ. ಒಂದು ಜಾತಿಯ ಹೆಸರೇ ಬೈಗುಳ ಆದರೆ ಎಷ್ಟು ಉರಿಯುತ್ತೆ ಅನ್ನೋದು ನಮಗೆ ಗೊತ್ತಿಲ್ಲದ್ದಲ್ಲ. ಪರಿಶಿಷ್ಟ ಜಾತಿಗಳ ಪಟ್ಟಿ ತೆಗೆದು ನೋಡ್ರಿ, ದೊಂಬರ ಅನ್ನೋ ಹೆಸರು ನಮ್ಮ ಹೆಸರುಗಳ ಜತೆಗೇ ಇದೆ.

ಹೋದ ಚಳಿಗಾಲದಲ್ಲಿ ದಾಂಡೇಲಿಯಲ್ಲಿ ಜೋಯಿಡಾ ಬಸ್ಸಿಗೆ ಕಾಯ್ತಾ ಇದ್ದೆ. ಬಸ್ಸು ಬರಲಿಲ್ಲ, ಹಲಗೆ ಸದ್ದು ಬಂತು. ಹೋಗಿ ನೋಡಿದರೆ ಎರಡು ಕಡೆ ಬಿದಿರು ಗಳ ಕತ್ತರಿ ಕಟ್ಟಿ ನಡುವೆ ಹಗ್ಗ ಎಳೆದಿದ್ದಾರೆ. ಮೇಲೆ ಹತ್ತೊಂಬತ್ತು ಇಪ್ಪತ್ತರ ಹುಡುಗಿ. ಕೈಯಲ್ಲಿ ಉದ್ದದ ಗಳ, ಒಂದು ಪಾದದ ಕೆಳಗೆ ಸ್ಟೀಲ್ ತಾಟು. ಕೆಳಗೆ ಅವಳ ಅಪ್ಪ ಹಲಗೆ ಬಡಿಯುತ್ತಾನೆ. ಕಾಗದದ ಗಿರಣಿ ಬಂದ 1950ರ ದಶಕದಿಂದ ದಾಂಡೇಲಿಗೆ ನಾಲ್ಕೂ ದಿಕ್ಕಿನ ಜನ ಬಂದು ಸೇರಿದ್ದಾರಲ್ಲ, ಹುಡುಗಿ ಹಗ್ಗದ ಮೇಲಿಂದಲೇ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಜನರನ್ನ ಕರೀತಿದ್ದಳು.

ಆಟ ಮುಗಿಸಿ ತಾಟು ಹಿಡಿದು ಬಂದಳು. ಒಬ್ಬ ದೊಡ್ಡ ಮನುಷ್ಯ, ‘ಕೈಕಾಲು ಗಟ್ಟಿ ಅದಾವ, ಭಿಕ್ಷಾ ಯಾಕ ಬೇಡ್ತಿ?’ ಅಂದ. ಹುಡುಗಿ ಸಿಟ್ಟಾಗಲಿಲ್ಲ. ‘ಅಣ್ಣಾರ, ನಾ ಬೇಡಾಕ ಬಂದಿಲ್ರಿ, ದುಡದು ತಗೊಳ್ಳಾಕ ಬಂದೀನಿ. ನೀವು ನೋಡೀರಿ, ಅದರ ಕೂಲಿ ಕೊಡ್ರಿ. ನೋಡಿಲ್ಲ ಅಂದ್ರ ಬ್ಯಾಡ’ ಅಂದಳು. ಆತ ಅರ್ಧ ತಾಸು ನಿಂತು ನೋಡಿದವನು. ಜನ ನಕ್ಕರು. ಜೇಬಿಗೆ ಕೈ ಹಾಕಿದ.

ಭಿಕ್ಷೆ ಅನ್ನೋ ಈ ಮಾತು ಆ ಮನುಷ್ಯನೊಬ್ಬನದಲ್ಲ, ಸರ್ಕಾರದ್ದು. 1871ರಲ್ಲಿ ಬ್ರಿಟಿಷರು ಕಾಯ್ದೆ ಮಾಡಿ ಅಲೆಯುವ ಎಷ್ಟೋ ಜಾತಿಗಳನ್ನ ಹುಟ್ಟಿನಿಂದಲೇ ಅಪರಾಧಿಗಳು ಅಂತ ಬರೆದರು. 1952ರಲ್ಲಿ ಅದು ಹೋಯ್ತು. 1959ರಲ್ಲಿ ಮುಂಬಯಿ ಸರ್ಕಾರ ಭಿಕ್ಷಾಟನೆ ತಡೆಯುವ ಕಾಯ್ದೆ ತಂದಿತು. ಅದರ ಪ್ರಕಾರ ಹಾಡು, ಕುಣಿತ, ಕಣಿ ಹೇಳೋದು, ಕಸರತ್ತು ಎಲ್ಲ ಬೇಡೋದಕ್ಕೆ ಒಂದು ನೆವ! ಅದೇ ಕಾಯ್ದೆ ದಿಲ್ಲಿಯಲ್ಲೂ ಇತ್ತು. ಅದರ ಮುಖ್ಯ ಕಲಮುಗಳನ್ನ ದಿಲ್ಲಿ ಹೈಕೋರ್ಟು 2018ರಲ್ಲಿ ಹೊಡೆದುಹಾಕಿತು. ನಮ್ಮ ಜಿಲ್ಲೆ 1956ರಲ್ಲೇ ಮುಂಬಯಿ ರಾಜ್ಯ ಬಿಟ್ಟು ಬಂದಿತ್ತು. ತಲೆಯೊಳಗಿನ ಕಾಯ್ದೆ ಮಾತ್ರ ಬಿಟ್ಟಿಲ್ಲ. ಸಭಾಭವನದ ಒಳಗೆ ಟಿಕೇಟಿಗೆ ಕುಣಿದರೆ ಕಲೆ, ಬೀದಿಯಲ್ಲಿ ಕುಣಿದರೆ ಭಿಕ್ಷೆ.

ಚಹಾ ಕುಡೀತಾ ಮಾತಾಡಿದೆವು. ‘ಬೀಳೋ ಭಯ ಇಲ್ಲೇನವ್ವ?’ ಅಂದೆ. ‘ಕಾಲ ನೋಡಿದ್ರ ಬೀಳ್ತೀನ್ರಿ. ಆ ಕಡೆ ಗಳದ ತುದಿ ನೋಡ್ಕೋತ ನಡೀಬೇಕು’ ಅಂದಳು. ಅವಳಿಗೆ ಹಗ್ಗದ ಚಿಂತೆ ಇಲ್ಲ, ನೆಲದ ಚಿಂತೆ. ‘ಎಲ್ಲಾ ಊರಾಗ ಸಿಮೆಂಟ್ ರಸ್ತೆ ಬಂದ್ವು. ಗೂಟ ಎಲ್ಲಿ ಬಡೀಬೇಕ್ರಿ?’ ಕಲ್ಲು, ಮರಳು ಚೀಲ ಹೇರಿ ಹಗ್ಗ ಬಿಗಿಯುತ್ತಾರೆ. ಚೀಲ ಸರಿದರೆ ಮುಗೀತು. ರಸ್ತೆ ಬೇಡ ಅಂತ ನಾನು ಹೇಳ್ತಿಲ್ಲ. ರಸ್ತೆ ಹಾಕಿಸಿದವರ ಲೆಕ್ಕದಲ್ಲಿ ಈ ಗೂಟ ಇರಲಿಲ್ಲ, ಅಷ್ಟೇ.

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳು. ಈಗ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಬೇಕು ಅಂತ ಹಠ. ಹಗ್ಗ, ಹಲಗೆ ಇಡೋ ಚೀಲದಲ್ಲೇ ಪುಸ್ತಕ. ರಾತ್ರಿ ಡೇರೆಯಲ್ಲಿ ಮೊಬೈಲ್ ಬೆಳಕಿನಲ್ಲಿ ಓದುತ್ತಾಳೆ. ತಮ್ಮನನ್ನ ಹಗ್ಗ ಹತ್ತಿಸಿಲ್ಲ, ವಸತಿ ಶಾಲೆಗೆ ಹಾಕಬೇಕು ಅಂತಾಳೆ. ಅದಕ್ಕೆ ಜಾತಿ ಪ್ರಮಾಣಪತ್ರ ಬೇಕು. ಗ್ರಾಮ ಆಡಳಿತಾಧಿಕಾರಿ, ರೆವಿನ್ಯೂ ಇನ್‌ಸ್ಪೆಕ್ಟರು ವರದಿ ಕೊಟ್ಟು ತಹಶೀಲ್ದಾರರ ಮಟ್ಟಕ್ಕೆ ಹೋಗಬೇಕು. ಒಂದು ಕಚೇರಿಯಲ್ಲಿ ಕೇಳಿದರಂತೆ: ‘ನಿಮ್ಮ ಊರು ಯಾವುದು, ಮನೆ ನಂಬರ್ ಹೇಳು.’ ಮನೆ ಇದ್ದಿದ್ದರೆ ಡೇರೆ ಯಾಕೆ ಹೊತ್ತು ತಿರುಗುತ್ತಿದ್ದಳು? ಮೂರು ಸಲ ಹೋಗಿ ಬಂದಿದ್ದಾಳೆ. ‘ನಾಕನೇ ಸಲಾನೂ ಹೋಗ್ತೀನ್ರಿ, ಹಗ್ಗದ ಮ್ಯಾಲ ಎಷ್ಟ ಸಲ ಬಿದ್ದು ಕಲ್ತೀನಿ’ ಅಂದಳು.

ನಮ್ಮ ಸಿದ್ದಿ ಬಂಧುಗಳು ಇಲ್ಲಿ ಕೂತಿದ್ದಾರೆ. ತಲೆತಲಾಂತರದಿಂದ ಈ ಕಾಡಿನಲ್ಲಿ ಬಾಳಿದವರು ಪರಿಶಿಷ್ಟ ಪಂಗಡದ ಪಟ್ಟಿ ಸೇರಿದ್ದು 2003ರಲ್ಲಿ. ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟಿನವರಿಗೆ ಸರ್ಕಾರ ಜಾಗ ಕೊಟ್ಟಿತು. ನೆಲೆ ಕಳೆದುಕೊಂಡು ಬಂದವರಿಗೆ ಕೊಟ್ಟದ್ದು ಒಳ್ಳೆಯದೇ, ಆ ಹುಡುಗಿಯೂ ‘ಅಲ್ಲಿ ಜನ ಮರ್ಯಾದಿಲೆ ನೋಡ್ತಾರ್ರಿ’ ಅಂದಳು. ಆದರೆ ಇದೇ ರಸ್ತೆಗಳಲ್ಲಿ ಅಜ್ಜ ಮುತ್ತಜ್ಜನ ಕಾಲದಿಂದ ನಡೆದವರಿಗೆ ಡೇರೆ ಊರುವಷ್ಟು ಜಾಗ ಇಲ್ಲ ಅಂದರೆ ಯಾವ ನ್ಯಾಯ?

ಇನ್ನು ಒಳಮೀಸಲಾತಿ. 2025ರಲ್ಲಿ ನಾಗಮೋಹನ್ ದಾಸ್ ಆಯೋಗ ಅಲೆಮಾರಿಗಳೂ ಸೇರಿದ ಅತಿ ಹಿಂದುಳಿದ 59 ಜಾತಿಗಳಿಗೆ ಶೇಕಡಾ 1 ಬೇರೆಯಾಗಿ ಕೊಡಿ ಅಂದಿತು. ಆಗಸ್ಟಿನಲ್ಲಿ ಸಂಪುಟ ಅವರನ್ನ ಬಲವಾದವರ ಜತೆ ಶೇಕಡಾ 5ರ ಗುಂಪಿಗೆ ಸೇರಿಸಿತು. ಅಲೆಮಾರಿಗಳು ಬೆಂಗಳೂರಿನ ಬೀದಿಯಲ್ಲಿ ಕೂತರು. ಎಡಗೈ ಬಲಗೈ ಅಂತ ನಾವು ಜಗಳಾಡುವಾಗ ಅವರ ಪಕ್ಕ ನಮ್ಮವರು ಎಷ್ಟು ಜನ ಕೂತಿದ್ದರು? ಎಣಿಸಿಕೊಳ್ಳಿ.

ಆ ಕುಟುಂಬದ ಡೇರೆ ಈಗ ಹಳಿಯಾಳ ದಾಟಿ ಮುಂಡಗೋಡದ ಕಡೆ ಇದೆ. ಬರೋ ಸೋಮವಾರ ಹುಡುಗಿ ನಾಲ್ಕನೇ ಸಲ ಕಚೇರಿಗೆ ಹೋಗುತ್ತಾಳೆ. ಅರ್ಜಿ ಬರೆಯೋಕೆ ಒಬ್ಬರು, ಇವರನ್ನ ಬಲ್ಲೆವು ಅಂತ ಸಹಿ ಹಾಕೋಕೆ ಇಬ್ಬರು ಹಿರಿಯರು ಬೇಕು. ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ನಿಂತಿರ್ತೀನಿ, ಹೆಸರು ಕೊಡಿ. ಬಸ್ ಚಾರ್ಜು ನಿಮ್ಮದೇ.